ಮಗ್ಗದೆಣ್ಣೆ ಕುಡಿದ ಕಂಪ್ಯೂಟರು

ಪಾರಿಸಪ್ಪ ನೇಮಣ್ಣ ಚೌಗಲಾ, ವಯಸ್ಸು ಅರವತ್ತೇಳು. ಹುಟ್ಟೂರು ತೇರದಾಳ, ಬಾಳಿ ಬೆಳಗಿದ್ದು ಬನಹಟ್ಟಿ. ಹೆಂಡತಿ ಪದ್ಮವ್ವ, ಒಬ್ಬನೇ ಮಗ ಮನೋಜ, ಜಮಖಂಡಿಯ ಕಾಲೇಜೊಂದರಲ್ಲಿ ಗುಮಾಸ್ತ, ಸೊಸೆ ಸುಪ್ರೀತಾ, ಮುಧೋಳದವಳು, ಮೊಮ್ಮಗಳು ಒಬ್ಬಳು. 2013ರ ಬೇಸಿಗೆಯಲ್ಲಿ ಅವರು ತೀರಿಕೊಂಡಾಗ ಊರಿನ ನೂಲಿನ ವ್ಯಾಪಾರಿಗಳು ಒಂದು ಹೊತ್ತು ಅಂಗಡಿ ಮುಚ್ಚಿ ಸಭೆ ಸೇರಿದರು. ಮಗ್ಗದ ಊರಿಗೆ ಕಂಪ್ಯೂಟರ್ ತಂದ ಹಿರಿಯರು ಎಂದು ಅವರನ್ನು ಹೊಗಳಿದರು. ತಂದದ್ದು ನಿಜ. ತಂದ ಮೇಲೆ ಅದಕ್ಕೆ ಏನು ಮಾಡಿದರು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಸತ್ತವರ ಮನೆಯ ಮುಂದೆ ಆಡುವ ಮಾತು ಅದಲ್ಲ. ಸೊಸೆ ಸುಪ್ರೀತಾ ಹೆಂಗಸರ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಮಾತಿಗೂ ತಲೆಯಾಡಿಸಲಿಲ್ಲ.

ಆ ಕಂಪ್ಯೂಟರು ಬನಹಟ್ಟಿಗೆ ಬಂದದ್ದು 1998ರಲ್ಲಿ. ಇಚಲಕರಂಜಿಯ ಒಂದು ಗಿರಣಿ ಮುಚ್ಚಿದಾಗ ಅದರ ವಿನ್ಯಾಸದ ಕೋಣೆಯ ಸಾಮಾನುಗಳು ಹರಾಜಿಗೆ ಬಂದವು. ಪಾರಿಸಪ್ಪನವರು ನೂಲು ಕೊಳ್ಳಲು ಹೋದವರು ನೂಲಿನ ಜೊತೆಗೆ ಒಂದು ವರ್ಕ್‌ಸ್ಟೇಷನ್ನನ್ನೂ ಕೊಂಡರು. ಗೋದಿಯ ಚೀಲದಷ್ಟು ಎತ್ತರದ ಬೂದುಬಣ್ಣದ ಪೆಟ್ಟಿಗೆ ಅದು. ನೂಲಿನ ಗಂಟುಗಳ ನಡುವೆ ಮಲಗಿ, ಲಾರಿಯಲ್ಲಿ ಕುಲುಕಾಡುತ್ತ ಬಂದಿತು. ಮುಂದಿನ ಕೋಣೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಗೋಡೆಯ ಆಚೆ ಹದಿನಾರು ವಿದ್ಯುತ್ ಮಗ್ಗಗಳು. ಅವು ನಡೆದಾಗ ಗೋಡೆಯೂ ನಡುಗುತ್ತಿತ್ತು. ಬಾಗಿಲ ಮೇಲೆ 'ಚೌಗಲಾ ಕಂಪ್ಯೂಟರ್ ಡಿಸೈನ್' ಎಂಬ ಫಲಕ ಏರಿತು. ಇಷ್ಟೆಲ್ಲ ಆದ ಮೇಲೆ, ಅದನ್ನು ನಡೆಸುವುದು ಹೇಗೆ ಎಂಬ ಪ್ರಶ್ನೆ ಸಾವಕಾರರ ಮನಸ್ಸಿಗೆ ಬಂತು.

ಉತ್ತರ ಸಿಗಲು ಮೂರು ವರ್ಷ ಹಿಡಿಯಿತು, ಮತ್ತು ಅದು ಸಿಕ್ಕದ್ದು ಮುಧೋಳದಲ್ಲಿ, ಮಗನಿಗೆ ಕನ್ಯೆ ನೋಡಲು ಹೋದಾಗ. ಹುಡುಗಿ ಕಂಪ್ಯೂಟರ್ ಕಲಿತವಳು ಎಂದು ಮಧ್ಯಸ್ಥರು ಹೇಳಿದ್ದರು. ಉಪ್ಪಿಟ್ಟಿನ ತಾಟು ಕೈಗೆ ಬಂದ ಮೇಲೆ ಪಾರಿಸಪ್ಪನವರು ಅಡುಗೆಯ ಮಾತು ಕೇಳಲಿಲ್ಲ, ಹಾಡಿನ ಮಾತು ಕೇಳಲಿಲ್ಲ.

"ಕಂಪ್ಯೂಟರ್ ಬಂದ್ ಮಾಡಾಕ ಬರತೈತೇನವಾ?" ಎಂದರು.

"ಚಾಲೂ ಮಾಡಾಕೂ ಬರತೈತ್ರಿ," ಎಂದಳು ಸುಪ್ರೀತಾ.

"ಚಾಲೂ ಮಾಡೂದು ನನಗ ಗೊತ್ತೈತಿ. ಬಂದ್ ಮಾಡೂದ ತಿಳೀವಲ್ದು. ವಾಯರ್ ಕಿತ್ತ ಒಗ್ಯಾಕತ್ತೀನಿ."

ಮನೋಜ ಹುಡುಗಿಯನ್ನು ನೋಡಿದನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಲಗ್ನ ಗೊತ್ತಾಯಿತು. ಮನೆ ತುಂಬಿಸಿಕೊಂಡ ವಾರದಲ್ಲಿಯೇ ಸುಪ್ರೀತಾ ಆ ಬೂದು ಪೆಟ್ಟಿಗೆಯ ಮುಂದೆ ಕುಳಿತಳು. ಕುಳಿತವಳು ಎಂಟು ವರ್ಷ ಏಳಲಿಲ್ಲ.

ಅವಳ ಕೆಲಸ ಇಷ್ಟು. ಸೀರೆಯ ದಡಿಯ, ಎಂದರೆ ಅಂಚಿನ, ಚಿತ್ರವನ್ನು ಪರದೆಯ ಮೇಲೆ ಚೌಕುಳಿ ಚೌಕುಳಿಯಾಗಿ ಬರೆಯಬೇಕು. ಅದು ಕಾಗದದ ಮೇಲೆ ಅಚ್ಚಾಗಿ ಬಂದ ಮೇಲೆ, ಅದನ್ನು ನೋಡಿಕೊಂಡು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದರು. ತೂತಿನ ರಟ್ಟುಗಳನ್ನು ಸಾಲಾಗಿ ಪೋಣಿಸಿ ಮಗ್ಗದ ನೆತ್ತಿಯ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸಿದರೆ, ತೂತಿದ್ದಲ್ಲಿ ನೂಲೆಳೆ ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ. ಹಾಗೆ ಏಳುತ್ತ ಮಲಗುತ್ತ ದಡಿಯಲ್ಲಿ ಗೋಪುರವೋ ನವಿಲೋ ಮೂಡುತ್ತದೆ. ರಬಕವಿ ಬನಹಟ್ಟಿಯ ನೇಕಾರರು ಬಂದು ರಟ್ಟಿನ ಕಟ್ಟುಗಳನ್ನು ಕೊಂಡೊಯ್ಯುತ್ತಿದ್ದರು. ಪ್ರತಿಯೊಂದು ಕಟ್ಟಿನ ಮೇಲೂ ಒಂದು ಮುದ್ರೆ ಇರುತ್ತಿತ್ತು: ವಿನ್ಯಾಸ, ಪಾರಿಸಪ್ಪ ಚೌಗಲಾ. ಆ ವಿನ್ಯಾಸಕಾರರಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ.

ಮುದ್ರೆಯ ವಿಷಯದಲ್ಲಿ ಸುಪ್ರೀತಾ ಮಾತಾಡಲಿಲ್ಲ. ಅವಳ ಚಿಂತೆ ಬೇರೆ. ಬರೆದ ದಡಿಗಳೆಲ್ಲ ಆ ಪೆಟ್ಟಿಗೆಯೊಳಗಿನ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು, ಇನ್ನೆಲ್ಲೂ ಇರಲಿಲ್ಲ. ಅಚ್ಚಾದ ಕಾಗದಗಳನ್ನು ಮಾವ ತೂತು ಹೊಡೆಸಿದ ಮರುಕ್ಷಣ ಬಚ್ಚಲ ಒಲೆಗೆ ಹಾಕುತ್ತಿದ್ದರು, ಹಳೆಯ ಗಿರಾಕಿಗಳೂ ಹೊಸ ಕಳ್ಳರೂ ಒಂದೇ ಬಾಗಿಲಿನಿಂದ ಬರುತ್ತಾರೆಂದು. ಆ ದಡಿಗಳು ಕಾಯಿಸಿದ ನೀರಿನಿಂದ ಮನೆಮಂದಿಯೆಲ್ಲ ಸ್ನಾನ ಮಾಡುತ್ತಿದ್ದರು.

"ಮಾವಾರ, ಒಂದ ಸಿಡಿಗೆ ಹಾಕಿ ಇಡತೀನ್ರಿ," ಎಂದು ಅವಳು ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

"ಸಿಡಿ ಅಂದ್ರ ಏನು? ಕಿಸೇದಾಗ ಹಿಡಿಯೂವಂಥಾದ್ದು. ಕಿಸೇದಾಗ ಹಿಡೀತಂದ್ರ ಹೋತು. ಈ ಪೆಟಗಿ ಯಾರ ಕಿಸೇದಾಗ ಹಿಡೀತೈತಿ?"

ಸುಪ್ರೀತಾಳಿಗೆ ಬೇಕಾದದ್ದು ಬಹಳವೇನೂ ಅಲ್ಲ: ತಾನು ಬರೆದದ್ದು ನಾಳೆಯೂ ಇರಬೇಕು, ಅಷ್ಟೆ. ಆದರೆ ಆ ಮನೆಯಲ್ಲಿ ನಾಳೆಯ ಅಧಿಕಾರ ಮಾವನವರ ಕೈಯಲ್ಲಿತ್ತು.

ಇನ್ನು ಆ ಪೆಟ್ಟಿಗೆಯ ಆರೋಗ್ಯದ ಕಥೆ. ಬಂದ ಎರಡನೆಯ ವರ್ಷದಿಂದಲೇ ಅದು ತಡವರಿಸತೊಡಗಿತ್ತು. ಸುಪ್ರೀತಾ ಬಂದ ಮೇಲೆ ಅದರ ಕೆಲಸ ಹೆಚ್ಚಿತು, ಉಸಿರಾಟವೂ ಹೆಚ್ಚಿತು. ಒಂದು ಗೆರೆ ಎಳೆದರೆ ಅದು ಪರದೆಯ ಮೇಲೆ ಕಾಣಿಸಿಕೊಳ್ಳುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು. ಜಮಖಂಡಿಯ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಸಿದ್ದಾರ್ಥ ಎಂಬಾತನನ್ನು ಮನೋಜ ಕರೆತಂದ. ಸಿದ್ದಾರ್ಥ ಪೆಟ್ಟಿಗೆಯ ಮಗ್ಗುಲನ್ನು ತೆರೆದ, ಒಳಗೆ ಇಣುಕಿದ, ಮುಚ್ಚಿದ.

"ಸಾವಕಾರ್ರ, ಇದಕ್ಕ ರ‍್ಯಾಮ್ ಸಾಲವಲ್ದು."

"ರ‍್ಯಾಮ್ ಅಂದ್ರ?"

"ನೀವು ಕುಂತ ಉಣ್ಣೂ ತಾಟ ಅಂತ ತಿಳ್ಕೋರಿ. ಸಣ್ಣ ತಾಟಿನ್ಯಾಗ ದೊಡ್ಡ ಊಟ ಹಿಡ್ಯಾಂಗಿಲ್ಲ."

"ಎಷ್ಟ ಹಾಕಬೇಕು?"

"ಎಷ್ಟ ಹಾಕಿದ್ರೂ ಛಲೋನ."

ಹೀಗೆ ಶುರುವಾಯಿತು. ಮೊದಲು ರ‍್ಯಾಮ್; ಮರುವರ್ಷ ಮತ್ತಷ್ಟು ರ‍್ಯಾಮ್; ಆಮೇಲೆ ಚಿತ್ರ ಮೂಡಿಸುವ ಕಾರ್ಡು, ವಿದ್ಯುತ್ ಪೂರೈಸುವ ಡಬ್ಬಿ, ಪ್ರೊಸೆಸರು, ಎಲ್ಲಕ್ಕೂ ಅಡಿಪಾಯವಾದ ಮದರ್‌ಬೋರ್ಡು. ಯಾವುದೂ ಹೊಸದಲ್ಲ, ಎಲ್ಲಿಯೋ ಬೆಳಗಾವಿಯ ಬ್ಯಾಂಕು ಬಿಸಾಡಿದ್ದು, ಹುಬ್ಬಳ್ಳಿಯ ಆಸ್ಪತ್ರೆ ಬಿಸಾಡಿದ್ದು. ಪ್ರತಿಯೊಂದು ಬದಲಾವಣೆಯ ನಂತರ ಪೆಟ್ಟಿಗೆ ನಾಲ್ಕು ದಿನ ಕುದುರೆಯಂತೆ ಓಡುತ್ತಿತ್ತು. ಆಮೇಲೆ ಮತ್ತೆ ಅದೇ ಎತ್ತಿನ ನಡೆ.

ರೋಗದ ಮೂಲ ಎಲ್ಲರ ಕಣ್ಣೆದುರಿಗೇ ಇತ್ತು. ಮಗ್ಗದ ಮನೆಗಳಲ್ಲಿ ಅಮಾವಾಸ್ಯೆಗೆ ಕೆಲಸ ನಿಲ್ಲಿಸಿ, ಮಗ್ಗಗಳನ್ನು ಒರೆಸಿ, ತಿರುಗುವ ಕೀಲುಗಳಿಗೆಲ್ಲ ಎಣ್ಣೆ ಬಿಡುವುದು ವಾಡಿಕೆ. ಪಾರಿಸಪ್ಪನವರು ಉದ್ದ ಮೂತಿಯ ಎಣ್ಣೆಯ ಡಬ್ಬಿ ಹಿಡಿದು ಹದಿನಾರು ಮಗ್ಗಗಳನ್ನು ಮುಗಿಸಿ, ಹದಿನೇಳನೆಯದೆಂದು ಮುಂದಿನ ಕೋಣೆಗೆ ಬರುತ್ತಿದ್ದರು. ಕಂಪ್ಯೂಟರಿನ ಬೆನ್ನಲ್ಲಿ ತಿರುಗುವ ಫ್ಯಾನಿನ ನಡುಬಿಂದುವಿಗೆ ಎರಡು ಹನಿ, ಒಳಗಿನ ಸಣ್ಣ ಫ್ಯಾನಿಗೆ ಎರಡು ಹನಿ. ಎಣ್ಣೆಯ ಮೇಲೆ ಗೋಡೆಯಾಚೆಯ ನೂಲಿನ ಧೂಳು ಬಂದು ಕೂಡುತ್ತಿತ್ತು. ಧೂಳಿನ ಮೇಲೆ ಮುಂದಿನ ಅಮಾವಾಸ್ಯೆಯ ಎಣ್ಣೆ. ಎಣ್ಣೆಯ ಮೇಲೆ ಮತ್ತೆ ಧೂಳು. ಗಾಳಿ ಬೀಸಬೇಕಾದ ರೆಕ್ಕೆಗಳು ಕಂಬಳಿ ಹೊದ್ದು ನರಳುತ್ತಿದ್ದವು. ಒಳಗಿನ ಪ್ರೊಸೆಸರು ಕಾದ ಹಂಚಾಗಿ, ಸುಟ್ಟು ಹೋಗುವ ಭಯಕ್ಕೆ ತನ್ನ ನಡೆಯನ್ನು ತಾನೇ ನಿಧಾನ ಮಾಡಿಕೊಳ್ಳುತ್ತಿತ್ತು. ಸಿದ್ದಾರ್ಥ ಪ್ರತಿ ಸಲ ಬಿಡಿಭಾಗ ಕೂರಿಸುವಾಗ ಒಂದಿಷ್ಟು ಊದಿ ಒರೆಸುತ್ತಿದ್ದುದರಿಂದ ಆ ನಾಲ್ಕು ದಿನಗಳ ಕುದುರೆಯೋಟ. ಅದರ ಹೊಗಳಿಕೆ ಮಾತ್ರ ಹೊಸ ಬಿಡಿಭಾಗಕ್ಕೆ ಸಲ್ಲುತ್ತಿತ್ತು.

ಇದು ಸುಪ್ರೀತಾಳಿಗೂ ಬೇಗ ತಿಳಿಯಲಿಲ್ಲ. ಎರಡು ವರ್ಷ ಅವಳು ವೈರಸ್ಸಿನ ಮೇಲೆ ಸಂಶಯಪಟ್ಟು, ಗಂಡ ಹಾಡು ಕೇಳಲು ತರುತ್ತಿದ್ದ ಸಿಡಿಗಳನ್ನೆಲ್ಲ ಮನೆಯಿಂದ ಹೊರಹಾಕಿಸಿದಳು. ಪಾಪ, ಮನೋಜನ ಬದುಕಿನ ಒಂದೇ ಚಟ ಅದು. ಒಂದು ದಿನ ಪೆಟ್ಟಿಗೆಯ ಮಗ್ಗುಲನ್ನು ತಾನೇ ಬಿಚ್ಚಿ ನೋಡಿದಾಗ ಅವಳಿಗೆ ಕಂಡದ್ದು ಬೂದು ಬಣ್ಣದ, ಎಣ್ಣೆಯಲ್ಲಿ ನೆಂದ, ಬೆರಳು ದಪ್ಪದ ಕಂಬಳಿ. ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು ತೆಗೆದಳು. ಪೆಟ್ಟಿಗೆ ಅಮಾವಾಸ್ಯೆಯವರೆಗೆ ತೊಂದರೆ ಕೊಡದೆ ಓಡಿತು. ಅಮಾವಾಸ್ಯೆಗೆ ಮಾವ ಎಣ್ಣೆಯ ಡಬ್ಬಿ ಹಿಡಿದು ಬಂದರು.

"ಮಾವಾರ, ಇದಕ್ಕ ಎಣ್ಣಿ ಬ್ಯಾಡ್ರಿ. ಎಣ್ಣಿಗೆ ಧೂಳ ಹಿಡದ ಫ್ಯಾನ ತಿರಗವಲ್ದು."

"ಎಣ್ಣಿ ಇಲ್ಲದ ತಿರಗೂವಂಥಾದ್ದು ಈ ಭೂಮಿ ಮ್ಯಾಲ ಏನೈತವಾ?"

"ಫ್ಯಾನ ಮಗ್ಗ ಅಲ್ರಿ."

"ನೀ ಹುಟ್ಟೂಕಿಂತ ಮೊದಲ ನಾ ಮಗ್ಗಕ್ಕ ಎಣ್ಣಿ ಹಾಕಾಕತ್ತೀನಿ," ಎಂದು ಮಾವ ಎರಡು ಹನಿಯ ಬದಲು ನಾಲ್ಕು ಹನಿ ಬಿಟ್ಟರು. ವಾದಕ್ಕೆ ಮುದ್ರೆ ಒತ್ತಿದಂತಾಯಿತು.

ಸುಪ್ರೀತಾ ಗಂಡನಿಗೆ ಹೇಳಿದಳು. ಅಪ್ಪಾಜಿಗೆ ನಾ ಹೇಳಾಂಗಿಲ್ಲ ಎಂದ ಆತ, ಜಮಖಂಡಿಯ ಬಸ್ಸಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿದ. ಆ ದಿನ ಭಾನುವಾರವಾಗಿತ್ತು. ಕೊನೆಗೆ ಅವಳು ಸಿದ್ದಾರ್ಥನನ್ನೇ ಹಿಡಿದು ಕೇಳಿದಳು: "ನೀವು ಪೆಟಗಿ ತಗದಾಗ ಒಮ್ಮೆರೆ ಆ ಕಂಬಳಿ ಕಂಡಿರಬೇಕಲ್ರಿ. ಮಾವಾರಿಗೆ ಯಾಕ ಹೇಳಲಿಲ್ಲ?"

"ಅಕ್ಕಾರ, ನಾ ಮಾಲ ಮಾರಾಂವ, ಕಸಾ ಹೊಡ್ಯಾಂವ ಅಲ್ಲ," ಎಂದ ಸಿದ್ದಾರ್ಥ. ಆಡಿದ ಮಾತಿನಲ್ಲಿ ಸುಳ್ಳಿರಲಿಲ್ಲ, ನಾಚಿಕೆಯೂ ಇರಲಿಲ್ಲ.

ಆದರೂ ಸಿದ್ದಾರ್ಥ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಿದ್ದುಂಟು. ಮದರ್‌ಬೋರ್ಡು ಬದಲಿಸಿದ ದಿನ, ಉಳಿದದ್ದೆಲ್ಲ ಬದಲಾದರೂ ಹಾರ್ಡ್ ಡಿಸ್ಕು ಮಾತ್ರ ಗಿರಣಿಯ ಕಾಲದ್ದೇ ಇದೆ, ಅದೊಂದನ್ನು ಹೊಸದು ಹಾಕೋಣ, ಎಲ್ಲಕ್ಕಿಂತ ನಿಧಾನದ್ದೂ ಅದೇ, ಮೊದಲು ಕೈಕೊಡುವುದೂ ಅದೇ ಎಂದ. ಪಾರಿಸಪ್ಪನವರು ನಕ್ಕರು.

"ಮಗ್ಗದ ಮ್ಯಾಲ ಉದ್ದೆಳಿ ಹಾಸು ಮುಗೀತಂದ್ರ ಏನ ಮಾಡತೀವಿ ಗೊತ್ತೈತೇನ ನಿನಗ? ಹಳೇ ಎಳಿ ತುದಿಗೆ ಹೊಸಾ ಎಳಿ ಕೆಚ್ಚತೀವಿ, ಒಂದೊಂದನ್ನೂ ಹೊಸೆದು ಕೂಡಿಸಿ. ಹಳೇದ ಪೂರಾ ಕಡದ ಒಗದ್ರ ಮಗ್ಗ ಬರಿದಾಗಿ ಕುಂದರತೈತಿ. ಈ ಡಿಸ್ಕ ಅಂದ್ರ ಹಾಸು. ಉಳಿದದ್ದೆಲ್ಲ ತಗದ ಹಾಕ. ಹಾಸಿಗೆ ಕೈ ಹಚ್ಚಬ್ಯಾಡ."

ಹೋಲಿಕೆ ಚೆಂದವಿತ್ತು. ಚೆಂದವಿದ್ದುದರಿಂದಲೇ ಯಾರೂ ಅದನ್ನು ಪ್ರಶ್ನಿಸಲಿಲ್ಲ. ಅಂದು ಅಲ್ಲಿ ಕುಳಿತಿದ್ದ ಇಬ್ಬರು ನೂಲಿನ ವ್ಯಾಪಾರಿಗಳು ಅದನ್ನು ಊರ ತುಂಬ ಹೇಳಿಕೊಂಡು ಬಂದರು. ಪಾರಿಸಪ್ಪನವರಿಗೆ ಕಂಪ್ಯೂಟರಿನ ಒಳಮರ್ಮ ಗೊತ್ತಿದೆ ಎಂಬ ಖ್ಯಾತಿ ಹುಟ್ಟಿದ್ದು ಅಂದಿನಿಂದ. ಹಳೆಯ ಹಾಸು ನೇಯ್ದು ಮುಗಿದು ಸೀರೆಯಾಗಿ ಹೊರಗೆ ಹೋಗಿರುತ್ತದೆ, ಈ ಡಿಸ್ಕಿನಿಂದ ಹೊರಗೆ ಹೋದದ್ದು ಏನೂ ಇಲ್ಲ ಎಂದು ಸುಪ್ರೀತಾ ಮನಸ್ಸಿನಲ್ಲಿ ಅಂದುಕೊಂಡಳು. ಮನಸ್ಸಿನಲ್ಲಿ ಅಂದುಕೊಂಡ ಮಾತಿಗೆ ಬನಹಟ್ಟಿಯಲ್ಲಿ ಖ್ಯಾತಿ ಸಿಗುವುದಿಲ್ಲ.

2009ರ ಮಾಗಿಯಲ್ಲಿ ಬೀಳಗಿಯ ಬಟ್ಟೆ ವ್ಯಾಪಾರಿ ಹುಲೆಪ್ಪ ಬಂದ. ಅಣೆಕಟ್ಟಿನ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರು ಪರಿಹಾರ ಕೈಸೇರಿದ ಮೇಲೆ ಮೊದಲು ಮಾಡಿದ್ದು ಮನೆಯಲ್ಲಿ ನಿಂತಿದ್ದ ಲಗ್ನಗಳನ್ನು. ಹುಲೆಪ್ಪನ ಅಂಗಡಿ ಅವರ ಬೆನ್ನು ಹಿಡಿದು ಹೊಸ ವಸತಿಗೆ ಹೋಗಿ ಚೆನ್ನಾಗಿ ಕೊಬ್ಬಿತ್ತು. ಆತನಿಗೆ ಹಿಂದೆ ಒಯ್ದಿದ್ದ ಜೋಡಿ ಗೋಪುರದ ದಡಿಯೇ ಮತ್ತೆ ಬೇಕು, ಸೆರಗಿಗೂ ಅದೇ ಗೋಪುರ ದೊಡ್ಡದಾಗಿ ಬರಬೇಕು, ಅದೂ ಲಗ್ನದ ಸುಗ್ಗಿಗೆ ಮುಂಚೆ. ರಬಕವಿಯ ನಾಲ್ಕು ನೇಕಾರರ ಮನೆಗಳಿಗೆ ಕೆಲಸ ಹಂಚಿ ಆಯಿತು. ಸುಪ್ರೀತಾ ಹಳೆಯ ದಡಿಯನ್ನು ತೆರೆದು ಹಿಗ್ಗಿಸತೊಡಗಿದಳು.

ಆಗ ಡಿಸ್ಕು ಸದ್ದು ಮಾಡತೊಡಗಿತು. ಟಕ್, ಟಕ್, ಆಮೇಲೆ ತುಸು ಮೌನ, ಮತ್ತೆ ಟಕ್. ಸುಪ್ರೀತಾಳಿಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಅಂದೇ ಒಂದು ಪೆನ್ ಡ್ರೈವ್ ತರುವಂತೆ ಗಂಡನಿಗೆ ಹೇಳಿ ಕಳಿಸಿದಳು, ಮಾವನನ್ನು ಕೇಳದೆ. ಅದು ಬರುವ ತನಕ ಪೆಟ್ಟಿಗೆಯನ್ನು ಬಂದ್ ಮಾಡಿಟ್ಟಳು. ಮುಟ್ಟಬ್ಯಾಡ್ರಿ ಎಂದು ಮಾವನಿಗೆ ಹೇಳಿ, ರೊಟ್ಟಿ ಬಡಿಯಲು ಒಳಗೆ ಹೋದಳು. ಅವಳು ಮಾಡಿದ ತಪ್ಪು ಇದೊಂದೇ: ಮುಟ್ಟಬೇಡಿರೆಂದು ಹೇಳಿದ್ದು.

ರೊಟ್ಟಿಯ ಹಿಟ್ಟಿನ ಕೈಯಲ್ಲಿಯೇ ಅವಳು ಹೊರಗೆ ಬಂದಾಗ ಮಾವ ಮತ್ತೆ ಚಾಲೂ ಮಾಡಿದ್ದ ಪೆಟ್ಟಿಗೆಯ ಮಗ್ಗುಲಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಡಬ್ಬಿಯ ಮೂತಿಯನ್ನು ಚಿಂದಿಯಿಂದ ಒರೆಸುತ್ತಿದ್ದರು. ಮುಖದ ಮೇಲೆ ಸಮಾಧಾನವಿತ್ತು.

"ಕೀಲ ಒಣಗಿತ್ತು," ಎಂದರು. "ಸದ್ದ ಕೇಳಿದ್ರನ ತಿಳೀತೈತಿ. ಡಿಸ್ಕಿನ ಮ್ಯಾಲ ಎಣ್ಣಿ ಬಿಡಾಕಂತನ ಒಂದ ಸಣ್ಣ ತೂತ ಇಟ್ಟಾರ, ನೋಡಿಯಿಲ್ಲ? ಇಷ್ಟ ವರ್ಷ ಯಾರಿಗೂ ಕಂಡಿಲ್ಲ. ಈಗ ನೋಡ, ಸದ್ದ ನಿಂತೈತಿ."

ಸದ್ದು ನಿಂತಿತ್ತು. ಡಿಸ್ಕು ಗಾಳಿಯಾಡಲೆಂದು ಇಟ್ಟ ತೂತದು. ಅದರೊಳಗೆ ಮಗ್ಗದೆಣ್ಣೆ ಇಳಿದ ಮೇಲೆ ಯಾವ ಸದ್ದೂ ಉಳಿದಿರಲಿಲ್ಲ.

ಸಿದ್ದಾರ್ಥ ಬಂದು ಡಿಸ್ಕನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದ. "ಇದರಾಗ ಎಣ್ಣಿ ಯಾರ ಬಿಟ್ಟಾರ್ರಿ?"

"ಕಂಪನಿಯವರ ಬಿಟ್ಟಿರಬೇಕು," ಎಂದರು ಪಾರಿಸಪ್ಪನವರು.

ಸಿದ್ದಾರ್ಥ ಅದನ್ನು ಬೆಂಗಳೂರಿಗೆ ಕಳಿಸಿ ನೋಡಿದ. ಬಾಗಿಲಿಗೆ ಬಂದ ಹೆಣವನ್ನು ಆಸ್ಪತ್ರೆಯವರು ತಿರುಗಿಸಿ ಕಳಿಸಿದಂತೆ ಅದು ತಿರುಗಿ ಬಂತು. ಪಾರಿಸಪ್ಪನವರು ಕರೆಂಟನ್ನು ಬೈದರು, ಗಿರಣಿಯವರನ್ನು ಬೈದರು, ಹುಲೆಪ್ಪನ ಅವಸರವನ್ನು ಬೈದರು. ಸುಪ್ರೀತಾ ಬಚ್ಚಲ ಒಲೆಯ ಮುಂದೆ ಹೋಗಿ ಕುಳಿತಳು. ಅತ್ತೆ ಪದ್ಮವ್ವ ಬಂದು ಪಕ್ಕದಲ್ಲಿ ಕುಳಿತರು.

"ನನ್ನ ರೇಡಿಯೋಕ್ಕೂ ಹಿಂಗ ಎಣ್ಣಿ ಹಾಕಿದ್ರವಾ," ಎಂದರು. "ಕರಕರ ಅಂತೈತಿ ಅಂತ. ಲಗ್ನದಾಗ ನಮ್ಮಪ್ಪ ಕೊಟ್ಟದ್ದು."

"ನೀವು ಏನ ಅಂದ್ರಿ ಅತ್ತಿ?"

"ಏನ ಅನಲಿ? ಕರಕರ ಅನ್ನೂದರ ನಿಂತಿತಲ್ಲ ಅಂದೆ."

ಆ ಮಾತು ಸುಪ್ರೀತಾಳನ್ನು ಎಬ್ಬಿಸಿತು. ಮೂವತ್ತೈದು ವರ್ಷದ ನಂತರ ಇನ್ನೊಂದು ಒಲೆಯ ಮುಂದೆ ಕುಳಿತು ಹೀಗೆಯೇ ಹೇಳುವ ಮುದುಕಿಯೊಬ್ಬಳು ಅವಳ ಕಣ್ಣಿಗೆ ಕಂಡಳು, ಆ ಮುದುಕಿಗೆ ತನ್ನದೇ ಮೂಗಿತ್ತು. ಅವಳು ಎದ್ದು ಚಪ್ಪಲಿ ಮೆಟ್ಟಿ, ಆಟೋ ಹಿಡಿದು ರಬಕವಿಗೆ ಹೋದಳು, ಶಂಕ್ರೆವ್ವನ ಮನೆಗೆ.

ಶಂಕ್ರೆವ್ವ ಹುಲೆಪ್ಪನ ಸೀರೆ ನೇಯಬೇಕಿದ್ದ ನಾಲ್ವರಲ್ಲಿ ಒಬ್ಬಳು. ಗಂಡ ತೀರಿದ ಮೇಲೆ ಎರಡು ಮಗ್ಗಗಳನ್ನು ತಾನೇ ನಡೆಸುತ್ತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಬರ‍್ರಿ ಅಕ್ಕಾರ. ಸಾವಕಾರ್ರು ತಮ್ಮ ಡಿಸ್ಕಿನ ಹಾಸಿಗೆ ಎಣ್ಣಿ ಕುಡಿಸಿದ್ರಂತ?"

"ಕುಡಿಸಿದ್ರು. ಶಂಕ್ರೆವ್ವ, ಹಳೇ ರಟ್ಟಿನ ಕಟ್ಟ ಏನರ ಉಳದಾವೇನ ನಿನ್ನ ಮನ್ಯಾಗ?"

ಶಂಕ್ರೆವ್ವ ಅಟ್ಟದ ಕಡೆ ಕೈ ತೋರಿಸಿದಳು. ಅಲ್ಲಿ ಸೂರಿನವರೆಗೆ ಕಟ್ಟುಗಳು. "ಹರದ ರಟ್ಟ ಬದಲ ಮಾಡಿಕೊಡ್ರಿ ಅಂದ್ರ ನಿಮ್ಮ ಮಾವ ಮತ್ತ ಪೂರಾ ಕಟ್ಟಿನ ರೊಕ್ಕ ಕೇಳತಿದ್ರು. ಅದಕ್ಕ ಒಂದನ್ನೂ ಒಗದಿಲ್ಲ. ಹೊಲಿದ ಹೊಲಿದ ಇಟ್ಟೀನಿ. ನಮ್ಮ ಓಣ್ಯಾಗ ಎಲ್ಲಾರ ಮನ್ಯಾಗೂ ಹಿಂಗನ."

ರಟ್ಟಿನ ತೂತುಗಳಿಂದ ದಡಿಯನ್ನು ಕೈಯಿಂದ ಓದಿ ತೆಗೆಯಬಹುದು. ಒಂದೊಂದು ರಟ್ಟನ್ನೂ ಬೆಳಕಿಗೆ ಹಿಡಿದು, ಒಂದೊಂದು ತೂತನ್ನೂ ಚೌಕುಳಿಯಲ್ಲಿ ತುಂಬಬೇಕು. ಬರೆಯುವುದಕ್ಕಿಂತ ದುಪ್ಪಟ್ಟು ಶ್ರಮ, ಆದರೆ ಆಗದ ಕೆಲಸವಲ್ಲ. ಸುಪ್ರೀತಾ ಮೊದಲ ಕಟ್ಟಿಗೆ ಕೈ ಹಾಕಿದಳು. ಶಂಕ್ರೆವ್ವ ಅಡ್ಡ ನಿಂತಳು.

"ಒಯ್ಯಾಕ ಬ್ಯಾಡ ಅನ್ನಾಂಗಿಲ್ಲ. ಆದ್ರ ಇನ್ನಮ್ಯಾಲ ಹರದ ರಟ್ಟ ಪುಕ್ಕಟ ಮಾಡಿಕೊಡಬೇಕು. ನನಗಷ್ಟ ಅಲ್ಲ, ಓಣಿಗೆಲ್ಲ. ನೀವು ಹೋಗಿ ಮಾವನ್ನ ಕೇಳಕೊಂಡ ಬರ‍್ರಿ."

ಸುಪ್ರೀತಾ ಕಟ್ಟನ್ನು ಎದೆಗೆ ಅವುಚಿಕೊಂಡಳು. ಎಂಟು ವರ್ಷ ಅವಳು ಕೇಳುತ್ತಲೇ ಬಂದಿದ್ದಳು.

"ಮಾವನ್ನ ಕೇಳಾಂಗಿಲ್ಲ," ಎಂದಳು. "ನಾ ಹೇಳೀನಿ. ಆತು."

"ಸಾವಕಾರ್ರು ಒಪ್ಪದಿದ್ರ?"

"ಸಾವಕಾರ್ರಿಗೆ ದಡಿ ಬರ‍್ಯಾಕ ಬರೂದಿಲ್ಲ."

ಹೊಸ ಕಂಪ್ಯೂಟರನ್ನು ತಂದವನು ಮನೋಜ. ಪೆನ್ ಡ್ರೈವ್ ಹಿಡಿದು ಬಂದು, ಹಾಕಲು ಏನೂ ಉಳಿದಿಲ್ಲವೆಂದು ಕಂಡವನು, ಮರುವಾರ ಬೆಳಗಾವಿಗೆ ಹೋಗಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದ. ಅವನ ಆಯುಷ್ಯದ ಧೈರ್ಯವೆಲ್ಲ ಆ ಒಂದು ಪ್ರಯಾಣಕ್ಕೆ ಖರ್ಚಾಯಿತು. ಅಪ್ಪನೆದುರು ಮಾತ್ರ, ಕಾಲೇಜಿನವರು ಇಟ್ಟುಕೊಳ್ಳಲು ಕೊಟ್ಟಿದ್ದಾರೆ ಎಂದ. ಸುಪ್ರೀತಾ ಅದನ್ನು ಮಗ್ಗಗಳಿಂದ ದೂರ, ಅಡುಗೆಮನೆಯ ಆಚೆಗಿನ ಕೋಣೆಯಲ್ಲಿ ಇಟ್ಟು, ಬಾಗಿಲಿಗೆ ಕೀಲಿ ಹಾಕಿಸಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಮಾವಾಸ್ಯೆಗೆ ಮಾವ ಡಬ್ಬಿ ಹಿಡಿದು ಬಂದು ಬಾಗಿಲು ತಳ್ಳಿದರು.

"ನನ್ನ ಮನ್ಯಾಗ ನನಗ ಕೀಲಿ?"

"ಮಗ್ಗಕ್ಕ ಎಣ್ಣಿ ಹಾಕ್ರಿ ಮಾವಾರ. ಹದಿನಾರು ಅದಾವು."

ಅವರು ಪದ್ಮವ್ವನ ಕಡೆ ನೋಡಿದರು. ಪದ್ಮವ್ವ ಅವರೆಕಾಯಿ ಬಿಡಿಸುವುದರಲ್ಲಿ ಮುಳುಗಿ ಹೋಗಿದ್ದರು. ಪಾರಿಸಪ್ಪನವರು ಮಗ್ಗದ ಮನೆಗೆ ಹಿಂತಿರುಗಿದರು.

ಜೋಡಿ ಗೋಪುರದ ದಡಿ ಶಂಕ್ರೆವ್ವನ ಕಟ್ಟಿನಲ್ಲಿ ಸಿಕ್ಕಿತು, ಆದರೆ ನಡುವಿನ ರಟ್ಟುಗಳನ್ನು ಇಲಿ ತಿಂದಿತ್ತು. ಆ ಭಾಗವನ್ನು ಸುಪ್ರೀತಾ ಓದಿದ್ದು ಶಂಕ್ರೆವ್ವ ಉಟ್ಟಿದ್ದ ಸೀರೆಯಿಂದ: ಅವಳು ಹೊಸ್ತಿಲಲ್ಲಿ ದಡಿಯನ್ನು ಮೊಣಕಾಲ ಮೇಲೆ ಹರಡಿ ಕುಳಿತಳು, ಇವಳು ಸೂಜಿಯ ಮೊನೆಯಿಂದ ಎಳೆ ಎಣಿಸಿದಳು. "ನಿಮ್ಮ ಕಂಪ್ಯೂಟರ್ ನಾ ಉಟಗೊಂಡ ತಿರಗತಿದ್ನಲ್ಲ, ಯಾರಿಗೂ ಗೊತ್ತಿರಲಿಲ್ಲ," ಎಂದು ಶಂಕ್ರೆವ್ವ ನಕ್ಕಳು. ಸೀರೆಗಳು ಬೀಳಗಿಗೆ ಮುಟ್ಟಿದಾಗ ಲಗ್ನದ ಸುಗ್ಗಿ ಅರ್ಧ ಮುಗಿದಿತ್ತು. ಹುಲೆಪ್ಪ ಅರ್ಧ ತೆಗೆದುಕೊಂಡು ಅರ್ಧ ತಿರುಗಿಸಿದ. ತಿರುಗಿ ಬಂದವನ್ನು ಮಹಾಲಿಂಗಪುರದ ಸಂತೆಯಲ್ಲಿ ಕೇಳಿದ ಬೆಲೆಗೆ ಮಾರಬೇಕಾಯಿತು.

ಉಳಿದ ದಡಿಗಳನ್ನು ಓದಿ ತೆಗೆಯಲು ಸುಪ್ರೀತಾಳಿಗೆ ಮೂರು ವರ್ಷ ಹಿಡಿಯಿತು. ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕವು. ಕಟ್ಟುಗಳ ಮೇಲಿನ ಮುದ್ರೆಯೂ ಬದಲಾಯಿತು: ಈಗ ಅಲ್ಲಿ ಅವಳ ಹೆಸರು. ಪಾರಿಸಪ್ಪನವರು ಅದನ್ನು ಕಂಡರೂ ಕಾಣದವರಂತೆ ಇದ್ದುಬಿಟ್ಟರು. ಆದರೆ ಜಗಲಿಯ ಮೇಲೆ ವ್ಯಾಪಾರಿಗಳು ಕೂಡಿದಾಗ ಅವರ ಮಾತು ನಿಲ್ಲಲಿಲ್ಲ.

"ಬ್ಯಾರೆಯವರ ಸಿಡಿದಾಗ ಇಡತಾರ. ನಾ ಊರ ತುಂಬ ರಟ್ಟಿನ್ಯಾಗ ಇಟ್ಟಿದ್ದೆ. ಮನಿಮನಿಗೊಂದ ಕಾಪಿ. ಡಿಸ್ಕ ಹೋದ್ರ ಏನಾತು?"

"ಖರೆ ಐತ್ರಿ," ಎಂದಳು ಸುಪ್ರೀತಾ ಬಾಗಿಲ ಒಳಗಿನಿಂದ. "ಹಂಗ ಇಟ್ಟದ್ದು ಮಾವಾರಿಗೂ ಗೊತ್ತಿರಲಿಲ್ಲ."

ವ್ಯಾಪಾರಿಗಳು ಚಹಾದ ಬಟ್ಟಲಿನಲ್ಲಿ ಮುಖ ಮರೆಸಿಕೊಂಡರು. ಪಾರಿಸಪ್ಪನವರು ಸೊಸೆಯ ಕಡೆ ತಿರುಗಿ, ಸಕ್ಕರೆ ಕಡಿಮೆಯಾಗಿದೆ ಎಂದರು. ಆ ಮನೆಯಲ್ಲಿ ತಪ್ಪೊಪ್ಪಿಗೆ ಎಂಬುದು ಇಷ್ಟು ಹತ್ತಿರ ಬಂದದ್ದು ಅದೊಂದೇ ಸಲ.

ಎದೆನೋವು ಅವರನ್ನು ಒಯ್ದದ್ದು ಮಧ್ಯಾಹ್ನ, ಮಗ್ಗಗಳು ನಡೆಯುತ್ತಿದ್ದಾಗಲೇ. ಅವರು ಬಿಟ್ಟು ಹೋದವು ಇವು:

ಹದಿನಾರು ವಿದ್ಯುತ್ ಮಗ್ಗಗಳು. ಎಲ್ಲವೂ ಸುಸ್ಥಿತಿಯಲ್ಲಿ, ಏ‌ಕೆಂದರೆ ಅವುಗಳಿಗೆ ಎಣ್ಣೆ ಬೇಕಿತ್ತು.

ಬೂದುಬಣ್ಣದ ಒಂದು ಪೆಟ್ಟಿಗೆ. ಗುಜರಿಯವನು ಎರಡು ಸಲ ಎತ್ತಿ ನೋಡಿ, ಕೈಗೆ ಅಂಟುತ್ತದೆಂದು ಬಿಟ್ಟು ಹೋದದ್ದು.

ಉಪಯೋಗಕ್ಕೆ ಬಾರದ ರ‍್ಯಾಮ್ ಪಟ್ಟಿಗಳು ಒಂದು ಬಿಸ್ಕೀಟಿನ ಡಬ್ಬಿಯ ತುಂಬ. ಮೊಮ್ಮಗಳು ಗೊಂಬೆಯ ತಲೆ ಬಾಚಲು ಬಳಸುತ್ತಾಳೆ.

ಜಮಖಂಡಿಯಲ್ಲಿ ಸಿದ್ದಾರ್ಥನ ಎರಡಂತಸ್ತಿನ ಅಂಗಡಿ.

ಈಗ ಭಾನುವಾರಗಳಂದು ಮನೆಯಲ್ಲಿಯೇ ಇರುವ ಒಬ್ಬ ಮಗ.

ಹೊಸ ರೇಡಿಯೋ ಬೇಕೇ ಎಂದು ಕೇಳಿದರೆ ಬೇಡವೆನ್ನುವ, ಆದರೆ ರೇಡಿಯೋ ಅಂಗಡಿಯ ಮುಂದೆ ನಡೆ ನಿಧಾನ ಮಾಡುವ ಹೆಂಡತಿ.

ಕಂಪ್ಯೂಟರಿನ ಒಳಮರ್ಮ ಬಲ್ಲವರೆಂಬ ಖ್ಯಾತಿ. ಇದಕ್ಕೆ ವಾರಸುದಾರರು ಮುಂದೆ ಬಂದಿಲ್ಲ.

ಮತ್ತು ಯಾವ ಅಟ್ಟದಲ್ಲಿಯೂ ಸಿಗದ ದಡಿಗಳು. ಅವುಗಳಲ್ಲಿ ಒಂದರಲ್ಲಿ ದಾಳಿಂಬೆಯ ಹೂವಿತ್ತೆಂಬುದು ಸುಪ್ರೀತಾಳಿಗೆ ನೆನಪಿದೆ. ಎಸಳು ಎಷ್ಟಿದ್ದವೆಂಬುದು ನೆನಪಿಲ್ಲ.